ಚೆಂಡಿನ ಜೊತೆ ನೋಟ್‌ಬುಕ್ಕೂ ಇರಲಿ: ಶಾಲೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಶಾಲೆಗಳನ್ನು ನಡೆಸುವವರಿಗೆ, ಮೈದಾನದ ಗೇಟಿನ ಬೀಗದ ಕೈ ಇಟ್ಟುಕೊಂಡಿರುವವರಿಗೆ, ಮಕ್ಕಳ ಕಾರ್ಯಕ್ರಮಗಳಿಗೆ ಹಣ ಮಂಜೂರು ಮಾಡುವವರಿಗೆ,

ನಮಸ್ಕಾರ.

ನಾನು ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಥೆ, ಕವಿತೆ ಬರೆಸುವವಳು. ನನ್ನ ಜೊತೆ ಒಬ್ಬರು ಫುಟ್‌ಬಾಲ್ ಕೋಚ್ ಇದ್ದಾರೆ. ವಾರಕ್ಕೆ ಮೂರು ಸಂಜೆ, ಅದೇ ಮಕ್ಕಳು, ಅದೇ ತಂಡ. ಮೊದಲು ಮೈದಾನ, ಆಮೇಲೆ ನೋಟ್‌ಬುಕ್. ಕೆಲವು ದಿನ ಉಲ್ಟಾ. ಚೆಂಡು ಒದೆಯುವುದು ಒಂದು ಗುಂಪು, ಬರೆಯುವುದು ಇನ್ನೊಂದು ಗುಂಪು ಅಂತ ಇಲ್ಲ. ಎಲ್ಲರೂ ಆಡುತ್ತಾರೆ, ಎಲ್ಲರೂ ಬರೆಯುತ್ತಾರೆ. ಕೋಚ್ ಕೂಡ ಬರೆಯುತ್ತಾರೆ. ನಾನೂ ಆಡುತ್ತೇನೆ, ನೋಡಿದವರಿಗೆ ನಗು ಬರುತ್ತದೆ, ಅದು ಬೇರೆ ಮಾತು.

ಈ ಪತ್ರಕ್ಕೆ ಕಾರಣ ಒಂದು ಮೀಟಿಂಗ್. ಎಲ್ಲಿ, ಯಾರ ಜೊತೆ ಅನ್ನುವುದು ಬೇಡ. ಖರ್ಚಿನ ಪಟ್ಟಿ ನೋಡುತ್ತಿದ್ದವರು ಒಂದು ಸಾಲಿನ ಮೇಲೆ ಪೆನ್ನಿಟ್ಟು ಕೇಳಿದರು: "ಫುಟ್‌ಬಾಲ್ ಸರಿ. ಈ ಬರವಣಿಗೆ ಯಾಕೆ? ಬರೆಯೋದು ಶಾಲೆಯಲ್ಲೇ ಇದೆಯಲ್ಲ?" ಪಕ್ಕದಲ್ಲಿದ್ದವರು ಒಂದು ಸಲಹೆ ಕೊಟ್ಟರು: "ಇರಲಿ ಬಿಡಿ. ಆದರೆ ಹೀಗೆ ಮಾಡಿ. ಒಂದು ಪುಟ ಬರೆದವರನ್ನು ಮಾತ್ರ ಆಡಲು ಬಿಡಿ. ಆಗ ಎಲ್ಲರೂ ಬರೀತಾರೆ."

ಮೊದಲಿನವರು ಬರವಣಿಗೆಯನ್ನು ತೆಗೆದುಹಾಕಬೇಕು ಅನ್ನುತ್ತಿದ್ದರು. ಎರಡನೆಯವರು ಅದನ್ನು ಉಳಿಸಬೇಕು ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಭಯವಾಗಿದ್ದು ಎರಡನೆಯವರ ಮಾತಿಗೆ. ಅಲ್ಲಿ ನನ್ನ ಬಾಯಿಂದ ಸರಿಯಾದ ಉತ್ತರ ಬರಲಿಲ್ಲ. ಮೀಟಿಂಗಿನಲ್ಲಿ ಹೇಳಬೇಕಾಗಿದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯುತ್ತದಲ್ಲ, ಹಾಗಾಯಿತು. ಇದೇ ಎರಡು ಮಾತನ್ನು ಬೇರೆ ಬೇರೆ ಮೇಜಿನ ಆಚೆ ಕೂತವರಿಂದ ಹಿಂದೆಯೂ ಕೇಳಿದ್ದೇನೆ. ಅದಕ್ಕೇ ಒಬ್ಬರಿಗೆ ಬರೆಯುವ ಬದಲು ಎಲ್ಲರಿಗೂ ಬರೆಯುತ್ತಿದ್ದೇನೆ.

ಬರೆಯೋದು ಶಾಲೆಯಲ್ಲೇ ಇದೆ ಅನ್ನುವುದು ಅರ್ಧ ನಿಜ. ಶಾಲೆಯಲ್ಲಿ ಮಗು ಬರೆಯುವುದು ಹೆಚ್ಚಾಗಿ ಉತ್ತರ. ಪ್ರಶ್ನೆ ಇನ್ನೊಬ್ಬರದ್ದು. ಎಷ್ಟು ಸಾಲು ಬರೆಯಬೇಕು ಅನ್ನುವುದೂ ಇನ್ನೊಬ್ಬರದ್ದು. ಸರಿ ಉತ್ತರ ಮೊದಲೇ ಎಲ್ಲೋ ಬರೆದಿಟ್ಟಿರುತ್ತದೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥ ಮಗುವಿಗೆ ಖಾಲಿ ಹಾಳೆ ಕೊಟ್ಟು "ನಿನಗೆ ಇಷ್ಟ ಬಂದದ್ದು ಬರಿ" ಅಂದರೆ ಅದು ನಮ್ಮ ಮುಖ ನೋಡುತ್ತದೆ. "ಏನು ಬರೀಲಿ?" ಅನ್ನುತ್ತದೆ. ಬರೆಯುವುದನ್ನು ಕಲಿಸುವವರಿಗೆಲ್ಲ ಈ ಪ್ರಶ್ನೆಯ ಕಷ್ಟ ಗೊತ್ತು.

ಮೈದಾನದಿಂದ ಈಗಷ್ಟೇ ಬಂದ ಮಗು ಆ ಪ್ರಶ್ನೆ ಕೇಳುವುದು ಕಡಿಮೆ. ಯಾಕೆಂದರೆ ಇಪ್ಪತ್ತು ನಿಮಿಷದ ಹಿಂದೆ ಅದಕ್ಕೆ ಏನೋ ಒಂದು ಆಗಿರುತ್ತದೆ. ಯಾರೋ ಪಾಸ್ ಕೊಡಲಿಲ್ಲ. ಯಾರೋ ಕಾಲು ಅಡ್ಡ ಕೊಟ್ಟರು, ರೆಫರಿ ನೋಡಲಿಲ್ಲ. ಗೆಳೆಯನ ಗೋಲಿಗೆ ಚಪ್ಪಾಳೆ ತಟ್ಟಬೇಕಾಯಿತು, ಹೊಟ್ಟೆಯೊಳಗೆ ಮಾತ್ರ ಉರಿಯುತ್ತಿತ್ತು. ಕೋಪ, ನಾಚಿಕೆ, ಖುಷಿ ಎಲ್ಲ ಇನ್ನೂ ಬಿಸಿಯಾಗಿರುತ್ತದೆ. ಬರೆಯಲು ಬೇಕಾದ ಸಾಮಾನು ಅದೇ ಅಲ್ವಾ?

ಒಬ್ಬ ಹುಡುಗ ಒಂದು ಸಂಜೆ ನಾಲ್ಕೇ ಸಾಲು ಬರೆದ. ಕೇಳಿದರೆ ಬೇರೆಯವರಿಗೂ ತೋರಿಸಬಹುದು ಅಂದ, ಅದಕ್ಕೆ ಇಲ್ಲಿ ಕೊಡುತ್ತಿದ್ದೇನೆ: "ಪೆನಾಲ್ಟಿ ಹೊರಗೆ ಹೋಯಿತು. ಚೆಂಡು ತರಲು ನಾನೇ ಹೋದೆ. ಹೋಗುವಾಗ ದಾರಿ ಉದ್ದ ಇತ್ತು. ಬರುವಾಗ ಇನ್ನೂ ಉದ್ದ ಇತ್ತು." ಸೋಲಿನ ಬಗ್ಗೆ ಒಂದು ಪುಟ ಪ್ರಬಂಧ ಬರಿ ಅಂದಿದ್ದರೆ ಈ ಸಾಲು ಬರುತ್ತಿರಲಿಲ್ಲ. "ಸೋಲೇ ಗೆಲುವಿನ ಮೆಟ್ಟಿಲು" ಅಂತ ಶುರುವಾಗುತ್ತಿತ್ತು. ಆ ಹುಡುಗನಿಗೆ ಕಾಗುಣಿತ ಸರಿಯಾಗಿ ಬರುವುದಿಲ್ಲ. ನಾಲ್ಕು ಸಾಲಿನಲ್ಲಿ ಐದು ತಪ್ಪಿತ್ತು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಎರಡು ವಾರದ ಮೇಲೆ, ಎಲ್ಲರೆದುರು ಓದುವ ದಿನ ಹತ್ತಿರ ಬಂದಾಗ, ಅವನೇ ನೋಟ್‌ಬುಕ್ ಹಿಡಿದು ಬಂದು "ಇದನ್ನು ಸರಿ ಮಾಡಿಕೊಡಿ" ಅಂದ.

ಇನ್ನೊಂದು ಸಂಗತಿ ನಾನು ನಿಧಾನವಾಗಿ ಕಂಡುಕೊಂಡಿದ್ದು. ಮಕ್ಕಳಿಗೆ ಬರೆದದ್ದನ್ನು ಮತ್ತೆ ಬರಿ ಅಂದರೆ ಆಗುವುದಿಲ್ಲ. ಅದು ಶಿಕ್ಷೆ ಅನ್ನಿಸುತ್ತದೆ. ಶಾಲೆಯಲ್ಲಿ ಹತ್ತು ಸಲ ಬರೆಸುವುದು ತಪ್ಪು ಮಾಡಿದಾಗ ಮಾತ್ರ ತಾನೆ? ಆದರೆ ಅದೇ ಮಕ್ಕಳು ಗೋಡೆಗೆ ಚೆಂಡು ಒದ್ದು ಒದ್ದು ಎಡಗಾಲಿನ ಪಾಸ್ ಅಭ್ಯಾಸ ಮಾಡುತ್ತಾರೆ. ನಿನ್ನೆ ಮಾಡಿದ್ದೀನಲ್ಲ, ಇವತ್ತು ಮತ್ತೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಕೋಚ್ ಹೇಳಿದರು: "ಮೊದಲ ಸಲ ಬರೆದದ್ದು ವಾರ್ಮ್‌ಅಪ್ ಇದ್ದ ಹಾಗೆ. ವಾರ್ಮ್‌ಅಪ್ ಮಾಡಿ ಯಾರಾದರೂ ಮನೆಗೆ ಹೋಗ್ತಾರಾ?" ನಾನು ತಿಂಗಳುಗಟ್ಟಲೆ ಹೇಳಿ ಸೋತದ್ದು ಆ ಒಂದೇ ಮಾತಿಗೆ ಕೆಲಸ ಮಾಡಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಮ್ಮ ಬರವಣಿಗೆ ಆಟಗಳೂ ಮೈದಾನದಿಂದಲೇ ಬಂದಿವೆ. ಒಬ್ಬರು ಒಂದು ಸಾಲು ಬರೆದು ನೋಟ್‌ಬುಕ್ ಪಾಸ್ ಮಾಡಬೇಕು, ಮುಂದಿನವರು ಅದನ್ನು ಹಿಡಿದು ಇನ್ನೊಂದು ಸಾಲು ಸೇರಿಸಬೇಕು. ಚೆಂಡನ್ನೇ ಕಾಲಡಿ ಇಟ್ಟುಕೊಂಡು ಬಿಟ್ಟುಕೊಡದ ಹುಡುಗರು ಕಥೆಯನ್ನೂ ಬಿಟ್ಟುಕೊಡುವುದಿಲ್ಲ! ಎಲ್ಲ ಪಾತ್ರಗಳನ್ನೂ ಒಂದೇ ಸಾಲಿನಲ್ಲಿ ಕೊಂದು ನೋಟ್‌ಬುಕ್ ಕೊಡುತ್ತಾರೆ. ಆಗ ಮುಂದಿನವರ ಪಾಡು ನೋಡಿ ತಂಡವೇ ಬೈಯುತ್ತದೆ. ಪಾಸ್ ಅಂದರೆ ಏನು ಅಂತ ನಾವು ಹೇಳಬೇಕಾಗುವುದಿಲ್ಲ. ಚೆಂಡಿನ ಬಾಯಲ್ಲಿ ಪಂದ್ಯದ ಕಥೆ ಹೇಳುವುದು, ಫೌಲ್ ಮಾಡಿದವನಿಗೆ ಪತ್ರ ಬರೆಯುವುದು, ಬೆಂಚಿನ ಮೇಲೆ ಕೂತವರ ಕಣ್ಣಲ್ಲಿ ಪಂದ್ಯ ನೋಡುವುದು, ಹೀಗೆ. ಫುಟ್‌ಬಾಲಿಗೆ 17 ನಿಯಮ. ನಮ್ಮ ನೋಟ್‌ಬುಕ್ಕಿಗೆ ಒಂದೇ: ಶುರು ಮಾಡಿದ ಮೇಲೆ ಐದು ನಿಮಿಷ ಪೆನ್ನು ನಿಲ್ಲಬಾರದು. ಏನೂ ಹೊಳೆಯದಿದ್ದರೆ "ಏನೂ ಹೊಳೀತಿಲ್ಲ" ಅಂತಲೇ ಬರೆಯಬೇಕು. ಮೂರನೇ ಸಲ ಅದನ್ನು ಬರೆಯುವಷ್ಟರಲ್ಲಿ ಏನಾದರೂ ಹೊಳೆದಿರುತ್ತದೆ.

ಗೋಲ್‌ಕೀಪರ್‌ಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ ಗೋಲಿನಲ್ಲಿ ನಿಲ್ಲುವವರ ನೋಟ್‌ಬುಕ್ಕೇ ಬೇಗ ತುಂಬುತ್ತದೆ. ಪಂದ್ಯದ ಬಹಳ ಹೊತ್ತು ಅವರು ಒಬ್ಬರೇ ನಿಂತು ಎಲ್ಲರನ್ನೂ ನೋಡುತ್ತಿರುತ್ತಾರೆ. ತಪ್ಪು ಮಾಡಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆಲ್ಬರ್ಟ್ ಕಮೂ ಹುಡುಗನಾಗಿದ್ದಾಗ ಅಲ್ಜೀರಿಯಾದಲ್ಲಿ ಗೋಲ್‌ಕೀಪರ್ ಆಗಿದ್ದ. 17ನೇ ವಯಸ್ಸಿನಲ್ಲಿ ಕ್ಷಯ ಬಂದು ಆಟ ನಿಂತಿತು. 1957ರಲ್ಲಿ ಸಾಹಿತ್ಯದ ನೊಬೆಲ್ ಬಂತು. ರಷ್ಯಾ ಮೂಲದ ಕಾದಂಬರಿಕಾರ ನಬೊಕೊವ್ ಕೇಂಬ್ರಿಡ್ಜ್‌ನಲ್ಲಿ ಓದುವಾಗ ಕಾಲೇಜು ತಂಡದ ಗೋಲ್‌ಕೀಪರ್. ಪತ್ತೇದಾರಿ ಕಥೆಗಳ ಕಾನನ್ ಡಾಯ್ಲ್ ಕೂಡ ಪೋರ್ಟ್ಸ್‌ಮತ್‌ನ ಒಂದು ಹವ್ಯಾಸಿ ತಂಡಕ್ಕೆ ಬೇರೆ ಹೆಸರಿಟ್ಟುಕೊಂಡು ಗೋಲ್ ಕಾಯುತ್ತಿದ್ದ. ಮೂರು ಜನರಿಂದ ಸಿದ್ಧಾಂತ ಮಾಡಲಾಗುವುದಿಲ್ಲ, ಗೊತ್ತು. ಆದರೂ ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪದ ದಿನ ಈ ಮೂರು ಹೆಸರು ನನ್ನ ಕೈಹಿಡಿಯುತ್ತವೆ.

ಇದೆಲ್ಲ ನಾವು ಕಂಡುಹಿಡಿದದ್ದಲ್ಲ. 1994ರಲ್ಲಿ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಜೂಲಿ ಕೆನಡಿ ಎಂಬ ಶಾಲಾ ಶಿಕ್ಷಕಿ, ಶಾಲೆ ಬಿಟ್ಟ ಮೇಲೆ ಮಾಡಲು ಏನೂ ಇಲ್ಲದ ಹುಡುಗಿಯರನ್ನು ಸೇರಿಸಿಕೊಂಡು ಫುಟ್‌ಬಾಲ್ ಮತ್ತು ಕವಿತೆ ಎರಡನ್ನೂ ಶುರು ಮಾಡಿದರು. ಅದೇ ಮುಂದೆ ಡಿಸಿ ಸ್ಕೋರ್ಸ್ ಆಯಿತು, ಅಲ್ಲಿಂದ ಬೇರೆ ನಗರಗಳಿಗೂ ಹೋಯಿತು. ಆ ಮಕ್ಕಳಿಗೆ ಪಂದ್ಯ ಇದ್ದ ಹಾಗೇ ಕವಿತೆ ಓದುವ ಸ್ಪರ್ಧೆಯೂ ಇದೆ, ವೇದಿಕೆ, ಕೂಗಾಟ, ಚಪ್ಪಾಳೆ ಎಲ್ಲ ಸಮೇತ. ಇಂಗ್ಲೆಂಡಿನಲ್ಲಿ 1997ರಲ್ಲಿ ಸರ್ಕಾರವೇ ಫುಟ್‌ಬಾಲ್ ಕ್ಲಬ್‌ಗಳ ಜೊತೆ ಸೇರಿ, ಕ್ಲಬ್ಬಿನ ಆವರಣದಲ್ಲೇ ಶಾಲೆಯ ನಂತರದ ಓದು-ಬರಹದ ಕೇಂದ್ರಗಳನ್ನು ತೆರೆಯಿತು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಇನ್ನೊಂದು ತರಗತಿಗೆ ಕರೆದರೆ ಬರುವುದಿಲ್ಲ, ಸ್ಟೇಡಿಯಂಗೆ ಕರೆದರೆ ಬರುತ್ತಾರೆ ಅನ್ನುವ ಲೆಕ್ಕ ಅದು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ನಿಮ್ಮ ಕಚೇರಿಯ ಗೋಡೆಯ ಮೇಲೆ ಎಲ್ಲೋ ಇರಬಹುದು. 1989ರದ್ದು. ಅದರ 31ನೇ ವಿಧಿಯನ್ನು ಒಮ್ಮೆ ನೋಡಿ. ವಿರಾಮ, ಆಟ, ಕಲೆ, ಸಾಂಸ್ಕೃತಿಕ ಬದುಕಿನಲ್ಲಿ ಪಾಲು, ಎಲ್ಲವನ್ನೂ ಒಂದೇ ವಿಧಿಯಲ್ಲಿ ಇಟ್ಟಿದ್ದಾರೆ. ನಾವೂ ಬಾಯಲ್ಲಿ ಆಟಪಾಠ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಟೈಮ್‌ಟೇಬಲ್ ಹಾಕುವಾಗ ಮಾತ್ರ ಬೇರೆ ಬೇರೆ.

ಈಗ ಆ ಎರಡನೇ ಸಲಹೆಗೆ ಬರುತ್ತೇನೆ. ಬರೆದವರಿಗೆ ಮಾತ್ರ ಆಟ.

ಇದನ್ನು ನಾವೇ ಒಮ್ಮೆ ಮಾಡಿ ನೋಡಿದ್ದೇವೆ. ತಪ್ಪು ನಮ್ಮದೇ. ಶುರುವಿನ ದಿನಗಳಲ್ಲಿ ಮಕ್ಕಳು ಬರವಣಿಗೆ ಹೊತ್ತಿಗೆ ನೀರು ಕುಡಿಯಲು ಹೋಗಿ ವಾಪಸ್ ಬರುತ್ತಿರಲಿಲ್ಲ. ಸರಿ, ಮೊದಲು ಬರೆಯಿರಿ, ಆಮೇಲೆ ಚೆಂಡು ಅಂದೆವು. ಮೊದಲ ವಾರ ಎಲ್ಲರೂ ಬರೆದರು. ಎಲ್ಲರೂ ಒಂದೇ ಥರ ಬರೆದರು. ಬೇಗ ಬರೆಯುವ ಒಬ್ಬಳ ನೋಟ್‌ಬುಕ್ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಎರಡನೇ ವಾರ, ಅಕ್ಷರದ ಜೊತೆ ಒದ್ದಾಡುವ ಇಬ್ಬರು ಬರಲಿಲ್ಲ. ಮೂರನೇ ವಾರ ಇನ್ನೊಬ್ಬ. ಯಾರಿಗಾಗಿ ಇದನ್ನೆಲ್ಲ ಶುರು ಮಾಡಿದ್ದೆವೋ ಅವರೇ ಗೇಟಿನ ಆಚೆ ನಿಂತು ಪಂದ್ಯ ನೋಡುತ್ತಿದ್ದರು. ಆ ದೃಶ್ಯ ಕಂಡ ದಿನ ನಿಯಮ ಕಿತ್ತು ಹಾಕಿದೆವು.

ಬರವಣಿಗೆಯನ್ನು ಆಟದ ಟಿಕೆಟ್ ಮಾಡಿದರೆ ಮಗು ಒಂದೇ ಪಾಠ ಕಲಿಯುತ್ತದೆ: ಇದು ಕಹಿ ಔಷಧಿ, ಅದು ಮೇಲೆ ಕೊಡುವ ಸಕ್ಕರೆ. ಆಮೇಲೆ ಜೀವಮಾನ ಇಡೀ ಅದು ಔಷಧಿಯೇ. ಉಲ್ಟಾ ಕೂಡ ಅಷ್ಟೇ ಕೆಟ್ಟದ್ದು. ತರಗತಿಯಲ್ಲಿ ಗಲಾಟೆ ಮಾಡಿದ, ಅದಕ್ಕೆ ಸಂಜೆ ಆಟ ಇಲ್ಲ ಅನ್ನುವ ಶಾಲೆಗಳಿವೆ. ದಿನವಿಡೀ ಬೆಂಚಿಗೆ ಅಂಟಿ ಕೂತು ಕೂತು ಗಲಾಟೆ ಮಾಡಿದ ಮಗುವಿನಿಂದ ಓಡುವುದನ್ನೂ ಕಿತ್ತುಕೊಂಡರೆ ಮರುದಿನ ಗಲಾಟೆ ಕಡಿಮೆ ಆಗುತ್ತದಾ? ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂತೆ ಆಡಬೇಕು, ಓಡಬೇಕು ಅನ್ನುತ್ತದೆ. 2019ರಲ್ಲಿ ಅದು ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದವರಲ್ಲಿ 100ಕ್ಕೆ 81 ಮಂದಿಗೆ ಅಷ್ಟು ಸಿಗುತ್ತಿಲ್ಲ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ಇರುವ ಆಟದಲ್ಲೂ ಕತ್ತರಿ ಹಾಕುವ ಸ್ಥಿತಿಯಲ್ಲಿ ನಾವಿಲ್ಲ.

ಹುಡುಗಿಯರ ಲೆಕ್ಕ ಬಂತು, ಅದಕ್ಕೆ ಹೇಳುತ್ತೇನೆ. "ಎಲ್ಲರಿಗೂ ಮುಕ್ತ" ಅಂತ ಬೋರ್ಡ್ ಹಾಕಿದರೆ ಮೈದಾನ ಹುಡುಗರದ್ದಾಗುತ್ತದೆ. ಇದು ಯಾರ ಕೆಟ್ಟತನವೂ ಅಲ್ಲ, ಸುಮ್ನೆ ಹಾಗಾಗಿಬಿಡುತ್ತದೆ. ಮೊದಲು ಬಂದವರು ಚೆಂಡು ಹಿಡಿಯುತ್ತಾರೆ, ಉಳಿದವರು ಅಂಚಿನಲ್ಲಿ ನಿಲ್ಲುತ್ತಾರೆ. ಹುಡುಗಿಯರಿಗೇ ಅಂತ ಒಂದು ಸಂಜೆ, ಬದಲಿಸದ ಸಮಯ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ. ಇಷ್ಟು ಮಾಡಿದ ಮೇಲೆ ನಮ್ಮಲ್ಲಿ ಹುಡುಗಿಯರ ಸಾಲು ಉದ್ದವಾಯಿತು.

ಮಾರ್ಕ್ಸ್ ಎಷ್ಟು ಜಾಸ್ತಿ ಆಗುತ್ತದೆ ಅಂತ ನೀವು ಕೇಳಿಯೇ ಕೇಳುತ್ತೀರಿ. ನಾನು ಅಂಕಿ ಕೊಡುವುದಿಲ್ಲ. ನಮ್ಮ ಕೆಲವು ಮಕ್ಕಳ ಮಾರ್ಕ್ಸ್ ಏರಿದೆ, ಕೆಲವರದ್ದು ಇದ್ದಲ್ಲೇ ಇದೆ, ಏರಿದ್ದಕ್ಕೆ ನಾವೇ ಕಾರಣ ಅಂತ ಎದೆ ತಟ್ಟಿಕೊಳ್ಳಲು ನನಗೆ ಧೈರ್ಯವಿಲ್ಲ. ಬರೆಯುವುದರಿಂದ ಏನಾದರೂ ಆಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಅಧ್ಯಯನ ಮಾತ್ರ ನೆನಪಿಸುತ್ತೇನೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ಮನಸ್ಸನ್ನು ಕಾಡುವ ಘಟನೆಯನ್ನೂ ಆಗ ತಮಗೆ ಅನ್ನಿಸಿದ್ದನ್ನೂ ಬರೆದವರು, ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಉಳಿದವರಿಗಿಂತ ಕಡಿಮೆ. ಅವರು ದೊಡ್ಡವರು, ನಮ್ಮವರು ಮಕ್ಕಳು. ಇದನ್ನು ಎಳೆದು ತಂದು ಇಲ್ಲಿ ಅಂಟಿಸುವುದಿಲ್ಲ. ಅದೇ ಅಧ್ಯಯನದಲ್ಲಿ, ಬರೆದ ಕೂಡಲೇ ಆ ವಿದ್ಯಾರ್ಥಿಗಳ ಮನಸ್ಸು ಕುಗ್ಗಿತ್ತು ಅನ್ನುವುದನ್ನೂ ಮರೆಯಬಾರದು.

ಅದಕ್ಕೇ ಈ ಕಾರ್ಯಕ್ರಮದ ನಿಜವಾದ ಕಷ್ಟದ ಭಾಗ ಯಾವುದು ಅಂತ ಹೇಳಬೇಕು. ಚೆಂಡು ಅಲ್ಲ, ಹಣವೂ ಅಲ್ಲ. ಮಕ್ಕಳಿಗೆ ನಿಜ ಬರೆಯಲು ಹೇಳಿದರೆ ಅವರು ನಿಜ ಬರೆಯುತ್ತಾರೆ. ಒಂದು ದಿನ ಯಾರಾದರೂ ಮನೆಯಲ್ಲಿ ಹೊಡೆಯುವುದನ್ನು ಬರೆಯುತ್ತಾರೆ, ಅಥವಾ ಅದಕ್ಕಿಂತ ಕೆಟ್ಟದ್ದನ್ನು. ಆಗ ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು. ನಾವು ಮೊದಲ ದಿನವೇ ಹೇಳುತ್ತೇವೆ: ನಿಮ್ಮ ನೋಟ್‌ಬುಕ್ ನಿಮ್ಮದು, ಕೇಳದೆ ಯಾರಿಗೂ ತೋರಿಸುವುದಿಲ್ಲ. ಓದಬಾರದು ಅನ್ನಿಸಿದ ಪುಟ ಮಡಚಿಡಿ, ಓದುವುದಿಲ್ಲ. ಆದರೆ ನಿಮಗೆ ಅಪಾಯ ಇದೆ ಅಂತ ನಮಗೆ ಗೊತ್ತಾದರೆ, ಸಹಾಯ ಮಾಡಬಲ್ಲವರಿಗೆ ಹೇಳುತ್ತೇವೆ, ಯಾರಿಗೆ ಅಂತ ನಿಮಗೂ ಹೇಳುತ್ತೇವೆ. ಆ "ಸಹಾಯ ಮಾಡಬಲ್ಲವರು" ಯಾರು ಅನ್ನುವುದನ್ನು ಗೊತ್ತು ಮಾಡಿಕೊಡಬೇಕಾದವರು ನೀವು. ಒಂದು ಹೆಸರು, ಒಂದು ಫೋನ್ ನಂಬರ್, ಕರೆ ಮಾಡಿದರೆ ಎತ್ತುವ ಒಬ್ಬರು. ಅದಿಲ್ಲದೆ ಮಕ್ಕಳ ನೋಟ್‌ಬುಕ್ ತೆರೆಸುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಉಳಿದ ಬೇಡಿಕೆಗಳು ಚಿಕ್ಕವು. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಒಬ್ಬರು ಸಾಲದು. ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅದೇ ಪಂದ್ಯಕ್ಕೆ ಮತ್ತೆ ಇಳಿಸಬಾರದು, ಫೈನಲ್ ಆದರೂ ಅಷ್ಟೇ. ಕತ್ತಲಾಗುವ ಮೊದಲು ಮನೆ ಸೇರುವ ಹಾಗೆ ಬಿಡಬೇಕು. ಪೂರ್ತಿ ಮೈದಾನ ಕೊಡಿ ಅಂತ ನಾವು ಕೇಳುತ್ತಿಲ್ಲ. ಹನ್ನೊಂದು ಹನ್ನೊಂದು ಮಂದಿ ದೊಡ್ಡ ಮೈದಾನದಲ್ಲಿ ಆಡಿದರೆ ಚಿಕ್ಕ ಮಗುವಿನ ಕಾಲಿಗೆ ಚೆಂಡು ಸಿಗುವುದೇ ಅಪರೂಪ. ಒಂದು ಮೂಲೆ ಸಾಕು, ಐದೈದು ಮಂದಿ ಆಡುತ್ತಾರೆ. ಚೆಂಡು ಕೊಳ್ಳುವಾಗ ಮಾತ್ರ ದಯವಿಟ್ಟು ನಮ್ಮನ್ನು ಕೇಳಿ. ಒಮ್ಮೆ ನಮಗೆ ದೊಡ್ಡವರು ಆಡುವ 5ನೇ ನಂಬರ್ ಚೆಂಡುಗಳ ಮೂಟೆಯೇ ಬಂತು. 410ರಿಂದ 450 ಗ್ರಾಂ ತೂಕದ್ದು. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ನಂಬರ್ ಬೇಕು. ನೋಟ್‌ಬುಕ್ ಗೆರೆ ಇಲ್ಲದ್ದಾದರೂ ಪರವಾಗಿಲ್ಲ, ಆದರೆ ರಟ್ಟು ಗಟ್ಟಿ ಇರಲಿ, ಮೈದಾನದಲ್ಲಿ ತೊಡೆಯ ಮೇಲಿಟ್ಟು ಬರೆಯುತ್ತಾರೆ. ಮುಖಪುಟದ ಮೇಲೆ ಯಾರ ಫೋಟೋನೂ ಬೇಡ, ಇಲಾಖೆಯದ್ದೂ ಬೇಡ, ದಾನಿಗಳದ್ದೂ ಬೇಡ.

ಇನ್ನು ತಪಾಸಣೆಗೆ ಬರುವವರ ಬಗ್ಗೆ. ಬನ್ನಿ, ಖಂಡಿತ ಬನ್ನಿ. ಆದರೆ ನೋಟ್‌ಬುಕ್ ರಾಶಿ ಹಾಕಿಸಿ ಎಷ್ಟು ಪುಟ ತುಂಬಿದೆ ಅಂತ ಎಣಿಸಬೇಡಿ. ಎಣಿಸಲೇಬೇಕಿದ್ದರೆ ಎಷ್ಟು ಮಕ್ಕಳು ವರ್ಷದ ಕೊನೆಯ ತನಕ ಉಳಿದರು ಅನ್ನುವುದನ್ನು ಎಣಿಸಿ. ಬಿಟ್ಟು ಹೋದವರು ಯಾಕೆ ಹೋದರು ಅಂತ ಕೇಳಿ. ಅಥವಾ ಓದುವ ದಿನ ಬಂದು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ತಂಡದ ಅತಿ ದೊಡ್ಡ ಸ್ಟ್ರೈಕರ್‌ನ ಕೈಯಲ್ಲಿ ಹಾಳೆ ನಡುಗುತ್ತಿರುತ್ತದೆ. ಬೆಂಚಿನ ಮೇಲೇ ವರ್ಷ ಕಳೆದ ಹುಡುಗಿ ಎದ್ದು ನಿಂತರೆ ತಂಡ ಪೂರ್ತಿ ಸುಮ್ಮನಾಗುತ್ತದೆ, ಯಾಕೆಂದರೆ ಅವಳು ಚೆನ್ನಾಗಿ ಬರೆಯುತ್ತಾಳೆ ಅಂತ ಎಲ್ಲರಿಗೂ ಗೊತ್ತು. ಮರುದಿನ ಮೈದಾನದಲ್ಲಿ ಅವಳಿಗೆ ಪಾಸ್ ಜಾಸ್ತಿ ಬರುತ್ತದೆ. ಇದನ್ನು ಯಾವ ಕಾಲಂನಲ್ಲಿ ತುಂಬುತ್ತೀರೋ ನನಗೆ ಗೊತ್ತಿಲ್ಲ. ಖರ್ಚಿನ ಪಟ್ಟಿಯಿಂದ ಬರವಣಿಗೆಯ ಸಾಲು ಹೊಡೆದು ಹಾಕಿದರೆ ಹೋಗುವುದು ಮಾತ್ರ ಇದೇ.

ಸದ್ಯಕ್ಕೆ ಒಂದು ಕೆಲಸ ಆಗಬೇಕು. ಮಳೆ ಬಂದಾಗ ನಾವು ಒಳಗೆ ಹೋಗಬೇಕು. ಮೈದಾನದ ಪಕ್ಕದ ಕೋಣೆಗೆ ಬೀಗ ಇರುತ್ತದೆ. ಬೀಗದ ಕೈ ಕಚೇರಿಯಲ್ಲಿದೆ ಅನ್ನುತ್ತಾರೆ, ಕಚೇರಿ ನಾವು ಬರುವ ಹೊತ್ತಿಗೆ ಮುಚ್ಚಿರುತ್ತದೆ. ಹೋದ ವಾರ ಇಪ್ಪತ್ತೆರಡು ಮಕ್ಕಳು ನೋಟ್‌ಬುಕ್ಕನ್ನು ಅಂಗಿಯೊಳಗೆ ತುರುಕಿಕೊಂಡು ಸೂರಿನ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದರು. ಇನ್ನೊಂದು ಕೀಲಿ ಮಾಡಿಸಿಕೊಡಿ. ಯಾರು ಸಹಿ ಹಾಕಬೇಕು ಅಂತ ತಿಳಿಸಿದರೆ ಸೋಮವಾರವೇ ಅರ್ಜಿ ತರುತ್ತೇನೆ.

ಇಂತಿ,
ಸಂಜೆ ತಂಡದ ಬರವಣಿಗೆ ಶಿಕ್ಷಕಿ